ಕಾವಲೂ ಅರಣ್ಯವೇ, ಕಾವಲಿಯೂ ಅರಣ್ಯವೇ

ಕಾಳ್ಗಿಚ್ಚು ಹರಡದಂತೆ ಬೆಂಕಿ ರೇಖೆ ಎಳೆಯುವುದು, ಸಸಿ ಬೆಳೆಸುವುದು, ಬೇಟೆಯವರನ್ನು ಹಿಡಿಯಲು ರಾತ್ರಿಯಿಡೀ ಗಸ್ತು ತಿರುಗುವುದು. ಅರಣ್ಯ ಇಲಾಖೆಯ ಕೆಲಸ ಇಷ್ಟೇ ಅಂದುಕೊಂಡಿದ್ದವರು ಹಳೇ ಕಾಲದವರು. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂತಲ್ಲ, ಆಮೇಲೆ ಸರ್ಕಾರಿ ಮೃಗಾಲಯ, ಸಫಾರಿ, ಪರಿಸರ ಪ್ರವಾಸೋದ್ಯಮದ ಸೌಲಭ್ಯ ಇವೆಲ್ಲ ಕೇಂದ್ರದ ಅನುಮತಿ ಬೇಕಾಗುವ ‘ಅರಣ್ಯೇತರ’ ಕೆಲಸಗಳ ಪಟ್ಟಿಯಿಂದ ಪಾರಾಗಿವೆ. ಗಿಡ ನೆಟ್ಟರೂ ಅರಣ್ಯದ ಕೆಲಸ, ಟಿಕೆಟ್ ಹರಿದರೂ ಅರಣ್ಯದ ಕೆಲಸ. ಅಲ್ಲಿನ ಕ್ಯಾಂಟೀನಿನಲ್ಲಿ ದೋಸೆ ಮಗುಚುವ ಭಟ್ಟರಿಗೂ ಒಂದು ಖಾಕಿ ಅಂಗಿ ಹೊಲಿಸಿಬಿಡಿ. ಗಾರ್ಡ್ ಕೈಲಿ ಕಾವಲು, ಭಟ್ಟರ ಕೈಲಿ ಕಾವಲಿ. ವ್ಯತ್ಯಾಸ ಒಂದು ಗುಡಿಸಿನದು ಅಷ್ಟೆ.

ಕಾಡನ್ನು ಕಡಿದರೂ ಚಿಂತೆಯಿಲ್ಲ, ಬದಲಿಗೆ ಬೇರೆ ಕಡೆ ಬೆಳೆಸುತ್ತೇವೆ ಅನ್ನುತ್ತಾರೆ. ಬಂದರು, ವಿಮಾನ ನಿಲ್ದಾಣಕ್ಕೆಂದು ಕಡಿಯುವ ಗ್ರೇಟ್ ನಿಕೋಬಾರ್ ದ್ವೀಪದ ಮಳೆಕಾಡಿಗೆ ಬದಲಿ ಗಿಡ ಹರಿಯಾಣದಲ್ಲಂತೆ! ಆ ದ್ವೀಪದ ಮೆಗಾಪೋಡ್ ಹಕ್ಕಿ ಚೆನ್ನೈಗೆ ಹಡಗು ಹಿಡಿದು, ಅಲ್ಲಿಂದ ರೈಲು ಹತ್ತಿ, ಗುರುಗ್ರಾಮದಲ್ಲಿ ಇಳಿದು ಆಟೋದವನ ಹತ್ತಿರ ಚೌಕಾಸಿ ಮಾಡಬೇಕು. ಮೊಟ್ಟೆಗಳನ್ನು ಲಗೇಜಿನಲ್ಲಿ ಹಾಕಲು ಬಿಡುತ್ತಾರೋ ಇಲ್ಲವೋ.

ದಿಲ್ಲಿಯನ್ನೇ ಏಕೆ ಬೈಯಬೇಕು? ನಮ್ಮ ರಾಜ್ಯ 2022ರಲ್ಲಿ 9.94 ಲಕ್ಷ ಹೆಕ್ಟೇರ್ ಡೀಮ್ಡ್ ಅರಣ್ಯವನ್ನು, ಅಂದರೆ ಅಧಿಸೂಚನೆ ಆಗದಿದ್ದರೂ ಕಾಡೆಂದೇ ಪರಿಗಣಿಸಿದ್ದ ಜಮೀನನ್ನು, 3.30 ಲಕ್ಷಕ್ಕೆ ಇಳಿಸಿತು. ಅದರಲ್ಲಿ ರೈತರು ತಲೆಮಾರುಗಳಿಂದ ಉಳುತ್ತಿದ್ದ ಜಮೀನೂ ಇತ್ತು, ಒಪ್ಪೋಣ. ಆದರೂ ಕೊಡಲಿ ಎತ್ತದೆ, ಬರೀ ಪೆನ್ನಿನಲ್ಲಿ ಇಷ್ಟು ಕಾಡು ಸವರಿದ ಕೈಚಳಕಕ್ಕೆ ಒಂದು ರಾಜ್ಯೋತ್ಸವ ಪ್ರಶಸ್ತಿ ಬೇಡವೇ?

2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ತನ್ನ ಅನುಮತಿಯಿಲ್ಲದೆ ಅರಣ್ಯದಲ್ಲಿ ಹೊಸ ಮೃಗಾಲಯ, ಸಫಾರಿ ಬೇಡ ಎಂದು ಮಧ್ಯಂತರ ಆದೇಶ ಕೊಟ್ಟಿತು. ನಮ್ಮ ಇಲಾಖೆಯವರು ಗಡಿಬಿಡಿ ಮಾಡಲಿಲ್ಲ. ತಿದ್ದುಪಡಿ, ತಿದ್ದುಪಡಿಗೆ ಮಾರ್ಗಸೂಚಿ, ಅದಕ್ಕೆ ಸ್ಪಷ್ಟೀಕರಣ, ಅದರ ಮೇಲೊಂದು ಸುತ್ತೋಲೆ. ಕಾಡು ಹೇಗಾದರೂ ಇರಲಿ, ಫೈಲು ಮಾತ್ರ ದಟ್ಟವಾಗಿದೆ.

ಇನ್ನು ನಗು ಬರುವುದಿಲ್ಲ. 2025ರ ಅಕ್ಟೋಬರ್, ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಯ ಸುತ್ತ ಹುಲಿ ದಾಳಿಗೆ ಜನ ಸತ್ತರು. ಆಗ ಸಫಾರಿ ಬಂದ್ ಮಾಡಿ, ಅದರ ಚಾಲಕರನ್ನೂ ಸಿಬ್ಬಂದಿಯನ್ನೂ ಹುಲಿ ಹುಡುಕಲು ಕಳಿಸಿದರು. ಎರಡೂ ಅರಣ್ಯದ ಕೆಲಸವೇ ಆದರೆ ಒಂದನ್ನು ನಿಲ್ಲಿಸಿ ಇನ್ನೊಂದಕ್ಕೆ ಜನ ಹೊಂದಿಸಿದ್ದೇಕೆ ಸ್ವಾಮಿ? ಜೀಪು ಇತ್ತು, ಚಾಲಕ ಇದ್ದ, ಡೀಸೆಲ್ ಇತ್ತು. ಹೊಲದಲ್ಲಿ ಹೆಣ ಬೀಳುವವರೆಗೆ ಅವೆಲ್ಲ ಟಿಕೆಟ್ ತಗೊಂಡವರಿಗೆ ಹುಲಿ ತೋರಿಸುತ್ತಿದ್ದವು.