ಬೆರಳು ಕುಯ್ದರೆ ಕೈಗೆ ಸಿಕ್ಕಿದ್ದೇ ಮದ್ದು

ಪೀಣ್ಯದ ಕಡೆ ಯಾವುದಾದರೂ ಸಣ್ಣ ಲೇತ್ ಶೆಡ್‌ಗೆ ಹೋಗಿ ನೋಡಿ. ಕಡೆದ ಲೋಹದ ಅಂಚಲ್ಲಿ ಉಳಿಯುವ ಚೂಪು ಮುಳ್ಳು, ಅಂದರೆ ಬರ್, ಗೀರಿ ಬೆರಳಲ್ಲಿ ರಕ್ತ ಬಂದರೆ ಮೊದಲು ಕೈಗೆ ಬರುವುದು ಮಷಿನ್ ಒರೆಸುವ ಬನಿಯನ್ ವೇಸ್ಟ್. ಅದರ ಮೇಲೆ ನಾಲ್ಕು ಸುತ್ತು ಇನ್ಸುಲೇಷನ್ ಟೇಪ್. "ಏನಿಲ್ಲ ಬಿಡಿ ಅಣ್ಣ, ಸ್ವಲ್ಪ ಗೀರಿದೆ ಅಷ್ಟೇ." ಅಲ್ಲಿಗೆ ಚಿಕಿತ್ಸೆ ಮುಗಿಯಿತು.

ಹುಡುಗರಿಗೆ ಬುದ್ಧಿ ಇಲ್ಲ ಅಂತ ಬೈಯುವ ಮಾಲೀಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಕ್ತ ಸುರಿಯುವಾಗ ಯಾರೂ ಯೋಚನೆ ಮಾಡುವುದಿಲ್ಲ, ಹತ್ತಿರ ಇದ್ದದ್ದನ್ನು ಎಳೆದುಕೊಳ್ಳುತ್ತಾರೆ. ಹತ್ತಿರ ಏನಿರಬೇಕು ಅಂತ ನೋಡುವುದು ಶೆಡ್ ನಡೆಸುವವರ ಕೆಲಸ ಅಲ್ವಾ? ಫಸ್ಟ್ ಏಡ್ ಬಾಕ್ಸ್ ಇರುತ್ತದೆ, ಇಲ್ಲ ಅಂತಲ್ಲ. ಕ್ಯಾಬಿನ್ ಒಳಗೆ, ಬೀಗ ಹಾಕಿ. ಬೀಗದ ಕೈ ಸಾಹೇಬರ ಜೇಬಲ್ಲಿ, ಸಾಹೇಬರು ಬ್ಯಾಂಕಲ್ಲಿ. 1948ರ ಫ್ಯಾಕ್ಟರಿ ಕಾಯ್ದೆಯ 45ನೇ ಸೆಕ್ಷನ್ ಬರೆದವರಿಗೆ ಇದು ಗೊತ್ತಿತ್ತು ಅನಿಸುತ್ತದೆ. 150 ಜನಕ್ಕೆ ಒಂದಾದರೂ ಬಾಕ್ಸ್ ಇರಲಿ ಅಂದವರು, ಕೆಲಸದ ಹೊತ್ತು ಪೂರ್ತಿ ಅದು ಕೈಗೆ ಸಿಗುವಂತಿರಬೇಕು ಅಂತಲೂ ಬರೆದರು. ಐದಾರು ಜನರ ಶೆಡ್ ಆ ಕಾಯ್ದೆಯ ಲೆಕ್ಕಕ್ಕೇ ಬರುತ್ತಿರಲಿಲ್ಲ, ಆ ಮಾತು ಬೇರೆ.

ನಿಜ ಹೇಳಬೇಕೆಂದರೆ ಬಾಕ್ಸ್‌ಗಿಂತ ಮೊದಲು ಬೇಕಾದದ್ದು ನಲ್ಲಿ ಮತ್ತು ಸೋಪು. ಸಣ್ಣ ಗಾಯಕ್ಕೆ ಹರಿಯುವ ಶುದ್ಧ ನೀರಿಗಿಂತ ದೊಡ್ಡ ಔಷಧಿ ಇಲ್ಲ. ಸೀಮೆಎಣ್ಣೆ, ಪೆಟ್ರೋಲ್ ಗ್ರೀಸ್ ತೆಗೆಯಬಹುದು, ಗಾಯದ ಹತ್ತಿರ ಮಾತ್ರ ತರಬೇಡಿ. ಕೆಲವು ನಿಮಿಷ ನಲ್ಲಿ ಕೆಳಗೆ ಹಿಡಿದು, ಸುತ್ತಲ ಗ್ರೀಸನ್ನು ಸೋಪಿನಿಂದ ತೆಗೆದು, ಶುಭ್ರ ಬಟ್ಟೆಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಹತ್ತು ನಿಮಿಷ. ಮಧ್ಯೆ ಮಧ್ಯೆ ತೆಗೆದು ನೋಡಿದರೆ ಕಟ್ಟುತ್ತಿದ್ದ ರಕ್ತ ಮತ್ತೆ ಹರಿಯುತ್ತದೆ. ಬ್ಯಾಂಡೇಜ್ ಅಂಟಲ್ಲ ಅಂತ ಟೇಪ್ ಸುತ್ತುವವರೂ ಸೋಪು ಹಾಕಿ ಒರೆಸಿ ನೋಡಲಿ. ಎಣ್ಣೆ ಕೈಗೆ ಯಾವ ಕಂಪನಿಯದೂ ಅಂಟುವುದಿಲ್ಲ.

ಅರಿಶಿನ, ಕಾಫಿಪುಡಿ ಬಗ್ಗೆ ಜಗಳಕ್ಕೆ ಬರಬೇಡಿ. ಅಡುಗೆಮನೆ ಡಬ್ಬಿಯ ಪುಡಿ ಕ್ರಿಮಿ ಇಲ್ಲದ್ದಲ್ಲ. ಹೊಲಿಗೆ ಹಾಕಬೇಕಾಗಿ ಬಂದರೆ ಡಾಕ್ಟರು ಮೊದಲು ಅದನ್ನೆಲ್ಲ ತೊಳೆದು ತೆಗೆಯಬೇಕು. ನೋವು ನಿಮಗೇ.

ಇನ್ನು ಫೆವಿಕ್ವಿಕ್ ವೀರರು. "ಆಸ್ಪತ್ರೆಯಲ್ಲೂ ಇದನ್ನೇ ಹಾಕ್ತಾರೆ" ಅನ್ನುತ್ತಾರೆ. ಅರ್ಧ ಸತ್ಯ. ಅಲ್ಲಿನ ಅಂಟೂ ಸೈನೋಆಕ್ರಿಲೇಟ್ ಜಾತಿಯದೇ, ಆದರೆ ಚರ್ಮಕ್ಕಂತಲೇ ಬೇರೆ ಥರ ಮಾಡಿದ್ದು. ಅದನ್ನೂ ತೊಳೆದ ಗಾಯದ ಅಂಚು ಕೂಡಿಸಿ ಮೇಲೆ ಹಚ್ಚುತ್ತಾರೆ, ಒಳಗೆ ಸುರಿಯುವುದಿಲ್ಲ. ಅಂಗಡಿಯ ಅಂಟು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಹತ್ತಿಗೆ ತಾಗಿದರೆ ಹೊಗೆಯೇ ಏಳಬಹುದು. ವೇಸ್ಟ್ ಒತ್ತಿ ಅದರ ಮೇಲೆ ಅಂಟು ಬಿಟ್ಟರೆ ಕುಯ್ದ ಗಾಯದ ಜೊತೆ ಸುಟ್ಟ ಗಾಯ ಫ್ರೀ.

ಗಾಯ ಕಟ್ಟಿಕೊಂಡವನು ಮತ್ತೆ ಡ್ರಿಲ್ ಮುಂದೆ ನಿಂತರೆ ನನಗೆ ಗಾಯಕ್ಕಿಂತ ಕಟ್ಟಿನ ಭಯ. ಲೇತ್, ಡ್ರಿಲ್ ಹತ್ತಿರ ಗ್ಲೌಸ್ ಬೇಡ, ತಿರುಗುವ ಮಷಿನ್ ಅದನ್ನು ಎಳೆದುಕೊಳ್ಳುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಬೆರಳಿಂದ ಜೋತಾಡುವ ಎರಡಿಂಚು ಗಾಜ್ ಬಟ್ಟೆಯೂ ಅದೇ ಕೆಲಸ ಮಾಡುತ್ತದೆ. ಬಿಟ್ ಅದನ್ನು ಹಿಡಿದರೆ ಬೆರಳನ್ನೂ ಸೇರಿಸಿ ಸುತ್ತುತ್ತದೆ. ಅವತ್ತು ಅವನಿಗೆ ಪ್ಯಾಕಿಂಗ್ ಕೆಲಸ ಕೊಡಿ.

ತುಕ್ಕು ಹಿಡಿದ ಕಬ್ಬಿಣ ಚುಚ್ಚಿದರೆ ಮಾತ್ರ ಟಿಟಿ, ಅಂದರೆ ಧನುರ್ವಾಯು ತಡೆಯುವ ಇಂಜೆಕ್ಷನ್, ಬೇಕು ಅನ್ನುವುದೂ ತಪ್ಪು. ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣು, ಧೂಳು, ಸಗಣಿಯಲ್ಲಿರುವ ರೋಗಾಣು. ಗಾಳಿಯಾಡದ ಆಳದ ಗಾಯ ಅದಕ್ಕೆ ಬಹಳ ಇಷ್ಟ. ಚಿಕ್ಕಂದಿನ ಇಂಜೆಕ್ಷನ್ ಎಲ್ಲ ಆಗಿದ್ದರೆ ಹತ್ತು ವರ್ಷಕ್ಕೊಮ್ಮೆ ಬೂಸ್ಟರ್. ಗಾಯ ಕೊಳಕಾಗಿದ್ದು, ಹಿಂದಿನದು ಹಾಕಿಸಿ ಐದು ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕು. ಯಾವಾಗ ಹಾಕಿಸಿದ್ದು ನೆನಪಿಲ್ಲ ಅನ್ನುವವರೇ ಜಾಸ್ತಿ. ಹಾಗಿದ್ದರೆ ಸುಮ್ನೆ ಡಾಕ್ಟರ ಹತ್ತಿರ ಹೋಗಿ.

ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ, ಬೆರಳು ಮಡಚಲು ಬರಲಿಲ್ಲ, ತುದಿ ಜೋಮು ಹಿಡಿಯಿತು ಅಂದರೆ ಶೆಡ್‌ನ ಚಿಕಿತ್ಸೆ ಅಲ್ಲಿಗೇ ನಿಲ್ಲಿಸಿ. ಎಲ್ಲಕ್ಕಿಂತ ಮೋಸದ್ದು ಗ್ರೀಸ್ ಗನ್ ಅಥವಾ ಹೈಡ್ರಾಲಿಕ್ ಪೈಪಿನ ಸೋರಿಕೆ ಕೈಗೆ ಹೊಡೆಯುವುದು. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ರಕ್ತವೂ ಇಲ್ಲ, ಮೊದಲು ನೋವೂ ಅಷ್ಟಿಲ್ಲ. ಒಳಗೆ ಮಾತ್ರ ಎಣ್ಣೆ ಬೆರಳುದ್ದಕ್ಕೂ ಹೋಗಿರುತ್ತದೆ. ತಡವಾದರೆ ಬೆರಳೇ ತೆಗೆಯಬೇಕಾಗಬಹುದು. ಮನೆಗೆ ಹೋಗಿ ಮಲಗಬೇಡಿ, ತಕ್ಷಣ ಆಪರೇಷನ್ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. "ಚುಚ್ಚಿತು" ಅಂತಷ್ಟೇ ಹೇಳಿದರೆ ಬ್ಯಾಂಡೇಜ್ ಹಾಕಿ ಕಳಿಸಿಬಿಡಬಹುದು. "ಪ್ರೆಷರ್‌ನಲ್ಲಿ ಎಣ್ಣೆ ಒಳಗೆ ಹೋಗಿದೆ" ಅಂತ ಬಿಡಿಸಿ ಹೇಳಿ.