ನಳಾ ಯಾವಾಗ ಬರ್ತದೆ ಅಂತ ಒಂದು ಮಾತು ಹೇಳಿ

ಹುಬ್ಬಳ್ಳಿಗೆ ಬಂದು ಇವತ್ತಿಗೆ ಐದು ದಿನ. ಸಂಜೆಯಿಂದ ಸಿಟ್ಟು ಕುದಿಯುತ್ತಿದೆ, ಅದಕ್ಕೇ ಇಷ್ಟು ಹೊತ್ತಲ್ಲಿ ಬರೆಯುತ್ತಿದ್ದೇನೆ. ಧಾರವಾಡಕ್ಕೆ ಹೋಗೋಣ ಅಂತ ಅಕ್ಕ, ನಾನು ಮೂರನೇ ಸಲ ಸೀರೆ ಉಟ್ಟು ತಯಾರಾಗಿದ್ದೆವು. ಚಿಗರಿ ಬಸ್ಸು ಹತ್ತಬೇಕು, ಸಾಧನಕೇರಿ ನೋಡಬೇಕು, ಲೈನ್ ಬಜಾರಿನಿಂದ ಪೇಡೆ ತರಬೇಕು. ಇಷ್ಟೇ ಆಸೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, "ಅಕ್ಕಾರ, ಇವತ್ತ ನಳಾ ಬರಬಹುದಂತ್ರೀ" ಅಂದರು. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ಸೀರೆ ಮಡಚಿಟ್ಟು ಕೊಡ ತಿಕ್ಕಲು ಕೂತಳು. ಕತ್ತಲಾಯಿತು, ನೀರು ಬರಲಿಲ್ಲ.

ನಮ್ಮ ತೀರ್ಥಹಳ್ಳಿ ಮನೆಯ ಬಾವಿ ನಿಮಗೆಲ್ಲ ಗೊತ್ತು. ಮಳೆಗಾಲದಲ್ಲಿ ಬಗ್ಗಿದರೆ ಕೈಗೆ ನೀರು ಸಿಗುತ್ತದೆ. ಆ ಬಾವಿಕಟ್ಟೆಯಲ್ಲಿ ಬೆಳೆದ ಅಕ್ಕ ಇಪ್ಪತ್ತೆರಡು ವರ್ಷದಿಂದ ಇಲ್ಲಿ ನೀರು ಕಾಯುತ್ತಿದ್ದಾಳೆ. ಮನೆಯಲ್ಲಿ ಎರಡು ಬ್ಯಾರಲ್, ಒಂದು ತಾಮ್ರದ ಹಂಡೆ, ಒಂಬತ್ತು ಕೊಡ. ತರಕಾರಿ ತೊಳೆದ ನೀರು ದಾಸವಾಳದ ಗಿಡಕ್ಕೆ, ಅರಿವಿ ಒಗೆದ ನೀರು ಪಾಯಖಾನೆಗೆ. ಬಂದ ಮಾರನೇ ದಿನ ನಾನು, ರೈಲಿನ ದಣಿವು ಅಂತ, ತಲೆಗೆ ಎರಡು ಬಕೆಟ್ ಸುರಿದುಕೊಂಡೆ. ಅಕ್ಕ ಏನೂ ಅನ್ನಲಿಲ್ಲ. ಆಮೇಲೆ ಸುಮ್ನೆ ಬ್ಯಾರಲ್ ಮುಚ್ಚಳ ಸರಿಸಿ ಒಳಗೆ ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಈಗ ಅರ್ಧ ಬಕೆಟ್ಟಿನಲ್ಲಿ ಜಳಕ ಮಾಡುವುದು ಬಂದಿದೆ. ಐದು ದಿನಕ್ಕೋ ಆರು ದಿನಕ್ಕೋ ಒಮ್ಮೆ ನೀರು ಬಂದರೂ ಸಂಸಾರ ಮಾಡಬಹುದು, ಇಲ್ಲಿಯವರು ಮಾಡುತ್ತಲೇ ಇದ್ದಾರೆ. ಆದರೆ ಯಾವ ಹೊತ್ತಿಗೆ ಬಿಡುತ್ತೇವೆ ಅಂತ ಯಾಕೆ ಹೇಳುವುದಿಲ್ಲ? ನನ್ನ ಸಿಟ್ಟೆಲ್ಲ ಇದೊಂದಕ್ಕೇ. ಬೆಳಗಿನ ನಾಲ್ಕಕ್ಕೂ ಬರಬಹುದು, ಮಟ ಮಟ ಮಧ್ಯಾಹ್ನವೂ ಬರಬಹುದು. ಎಲ್ಲ ಮನೆಯಲ್ಲೂ ಕಾಯುವವರು ಹೆಂಗಸರೇ, ಅಲ್ವಾ? ಎದುರಿನ ಓಣಿಯ ಒಬ್ಬಾಕೆ ನಾಲ್ಕು ಮನೆಯ ಕೆಲಸ ಮಾಡುತ್ತಾರೆ. ನಳ ಬರುವ ದಿನ ಕೆಲಸಕ್ಕೆ ಹೋಗುವಂತಿಲ್ಲ, ಆ ದಿನದ ಪಗಾರ ಹೋಯಿತು.

ಇದೇ ಊರಿನ ಸ್ಟೇಷನ್‌ನಲ್ಲಿ ನಾನು ಇಳಿದದ್ದು. 1,507 ಮೀಟರ್ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು, ನೋಡಿ ನಿಜವಾಗಿಯೂ ಹೆಮ್ಮೆಯಾಯಿತು. ರೈಲು ಹತ್ತು ನಿಮಿಷ ತಡ ಅಂದರೆ ಅಲ್ಲಿ ಮೂರು ಭಾಷೆಯಲ್ಲಿ ಕೂಗಿ ಹೇಳುತ್ತಾರೆ. ನೀರು ಬಿಡುವ ಹೊತ್ತನ್ನು ಒಂದು ಮೆಸೇಜಿನಲ್ಲಿ ಹೇಳಲು ಆಗುವುದಿಲ್ಲವೇ?

ಮಲಪ್ರಭೆಯಲ್ಲೇ ನೀರಿಲ್ಲ, ಮೊದಲು ಮಹದಾಯಿಯ ಹಳ್ಳಗಳ ನೀರು ಇತ್ತ ತಿರುಗಿಸುವ ಕಳಸಾ-ಬಂಡೂರಿ ಯೋಜನೆ ಆಗಲಿ ಅಂತ ಭಾವ ಹೇಳುತ್ತಾರೆ. ಅದು ಆಗಲೇಬೇಕು. ಸವದತ್ತಿ ಹತ್ತಿರ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟಿನ ನೀರೇ ಈ ಊರಿಗೆ ಮುಖ್ಯ ಆಧಾರ. ಮಹದಾಯಿ ಕಡೆಯಿಂದ ಮಲಪ್ರಭೆಗೆ 3.9 ಟಿಎಂಸಿ ತಿರುಗಿಸಬಹುದು ಅಂತ ನ್ಯಾಯಮಂಡಳಿ 2018ರಲ್ಲೇ ಹೇಳಿದೆ, ನರಗುಂದದ ರೈತರು ಬಿಸಿಲಲ್ಲಿ ಕೂತು ಹೋರಾಡಿದ್ದನ್ನು ಯಾರೂ ಮರೆಯಬಾರದು. ಆದರೆ ಭಾವ, ಹೊತ್ತು ಹೇಳುವುದಕ್ಕೆ ಎಷ್ಟು ಟಿಎಂಸಿ ಬೇಕು? ಇದೇ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೇ 24 ಗಂಟೆ ನೀರು ಶುರುವಾಯಿತು. ಅಂಥ ಕಡೆ ಇರುವ ಅಕ್ಕನ ಗೆಳತಿಯ ಮನೆಗೆ ಮೊನ್ನೆ ಹೋಗಿದ್ದೆವು. ಅಲ್ಲಿ ಒಂದು ಬ್ಯಾರಲ್ ಇಲ್ಲ! ಅಕ್ಕ ಅವರ ನಳ ತಿರುವಿ ಕೈ ತೊಳೆದಳು, ನಿಲ್ಲಿಸಿದಳು, ಮತ್ತೆ ತಿರುವಿದಳು.

ಇನ್ನೊಂದು ಸಂಕಟವಿದೆ. ಪೈಪು ದಿನಗಟ್ಟಲೆ ಖಾಲಿ ಬಿದ್ದರೆ ಬಿರುಕಿನಿಂದ ಸುತ್ತಲಿನ ಕೊಳೆ ಒಳಗೆ ಇಳಿಯುತ್ತದೆ. ಅದಕ್ಕೆ ಮೊದಲ ಎರಡು ಮೂರು ಕೊಡ ಚೆಲ್ಲಬೇಕು. ಅಷ್ಟು ದಿನ ಕಾದು ಕಾದು ಬಂದ ನೀರನ್ನು ಚೆಲ್ಲುವುದು!

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಮೂರು ವರ್ಷದ ಹಿಂದೆ ಅಪ್ಪನ ತಿಥಿಗೆ ಅಕ್ಕ ತಡವಾಗಿ ಬಂದಳು. ಅಷ್ಟೊತ್ತಿಗೆ ಊಟ ಮುಗಿದು ಎಲೆ ಎತ್ತಿ ಆಗಿತ್ತು. "ನಳಾ ಬರೋದಿತ್ತು" ಅಂದಳು. ಅಪ್ಪನಿಗಿಂತ ನಿನ್ನ ನಳ ಹೆಚ್ಚಾಯಿತಾ ಅಂತ ಎಲ್ಲರ ಎದುರಿಗೆ ಕೇಳಿದೆ. ಎಷ್ಟೋ ತಿಂಗಳು ಸರಿಯಾಗಿ ಮಾತಾಡಲಿಲ್ಲ. ಈ ಐದು ದಿನದಲ್ಲಿ ಆ ಮಾತು ದಿನಾ ನೆನಪಾಗಿದೆ, ಬಾಯಿ ಬಿಟ್ಟು ಕ್ಷಮೆ ಕೇಳಲು ಇನ್ನೂ ಆಗಿಲ್ಲ.

ಈಗ ರಾತ್ರಿ ಒಂದೂವರೆ. ನಳ ತಿರುವಿಯೇ ಇಟ್ಟಿದ್ದೇವೆ, ಕೆಳಗೆ ಸ್ಟೀಲ್ ಬುಟ್ಟಿ. ನೀರು ಬಿದ್ದರೆ ಸದ್ದಾಗುತ್ತದೆ, ಅಕ್ಕ ಆ ಸದ್ದಿಗೇ ಏಳುವುದು. ಇವತ್ತು ಅವಳ ಕೋಣೆಯ ಬಾಗಿಲು ಎಳೆದುಕೊಂಡು ಬಂದು ನಾನು ಇಲ್ಲಿ ಕೂತಿದ್ದೇನೆ.