ತಾಯಿಯನ್ನು ದೂರಬೇಡಿ

ಮಗು ಚೆನ್ನಾಗಿಯೇ ಹುಟ್ಟಿತ್ತು. ನಕ್ಕಿತು, ಕೂತಿತು, ಒಂದೆರಡು ಮಾತನ್ನೂ ಕಲಿಯಿತು. ಒಂದೂವರೆ ವರ್ಷದ ಹೊತ್ತಿಗೆ ಕಲಿತದ್ದೆಲ್ಲ ಮರೆಯತೊಡಗಿತು. ಮಾತು ನಿಂತಿತು. ಆಟಿಕೆ ಹಿಡಿಯುತ್ತಿದ್ದ ಕೈಗಳು ಬಟ್ಟೆ ಹಿಂಡುವ ಹಾಗೆ ಒಂದನ್ನೊಂದು ಹೊಸೆಯುತ್ತಲೇ ಇರುತ್ತವೆ. ಇದು ರೆಟ್ ಸಿಂಡ್ರೋಮ್. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಬರುತ್ತದೆ.

ಆಗ ಎಲ್ಲರೂ ತಾಯಿಯ ಕಡೆ ತಿರುಗುತ್ತಾರೆ. ಬಸುರಿಯಾಗಿದ್ದಾಗ ಏನು ತಿಂದೆ, ಏನು ಮಾಡಿದೆ ಅಂತ. ನನಗೆ ತುಂಬಾ ಸಂಕಟವಾಗುವುದು ಇಲ್ಲೇ.

ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್ ಈ ಕಾಯಿಲೆಯ ಬಗ್ಗೆ 1966ರಲ್ಲೇ ಬರೆದಿದ್ದರು. ಕಾರಣ ಸಿಕ್ಕಿದ್ದು ಮಾತ್ರ 1999ರಲ್ಲಿ. ಎಕ್ಸ್ ಕ್ರೋಮೋಸೋಮಿನಲ್ಲಿರುವ ಮೆಕ್‌ಪಿ2 ಅನ್ನೋ ಜೀನ್ ಕೆಟ್ಟಿರುತ್ತದೆ ಅಂತ ವಿಜ್ಞಾನಿ ಹುದಾ ಜೋಗ್ಬಿ ಅವರ ತಂಡ ಕಂಡುಹಿಡಿಯಿತು. ಈ ದೋಷ ಹೆಚ್ಚಿನ ಮಕ್ಕಳಲ್ಲಿ ಹೊಸದಾಗಿ ಆದದ್ದು, ಅದೂ ಬಹುಪಾಲು ತಂದೆಯ ವೀರ್ಯಾಣುವಿನಲ್ಲಿ. ಹಾಗಂತ ಅದು ತಂದೆಯ ತಪ್ಪೂ ಅಲ್ಲ. ಜೀವಕೋಶ ಡಿಎನ್‌ಎ ನಕಲು ಮಾಡುವಾಗ ಇಂಥದ್ದು ಆಗುತ್ತದೆ, ಅಷ್ಟೇ.

ಈ ಜೀನ್ ಮಾಡುವ ಕೆಲಸವೇ ಬೇರೆ ಥರದ್ದು. ನಮ್ಮ ಜೀವಕೋಶಗಳಲ್ಲೆಲ್ಲ ಹೆಚ್ಚುಕಡಿಮೆ ಅದೇ ಡಿಎನ್‌ಎ ಇದೆ. ಯಾವ ಜೀನ್ ಎಲ್ಲಿ, ಎಷ್ಟು ಕೆಲಸ ಮಾಡಬೇಕು ಅನ್ನೋದರಲ್ಲೇ ವ್ಯತ್ಯಾಸ. ಡಿಎನ್‌ಎ ಮೇಲೆ ಅಲ್ಲಲ್ಲಿ ಮಿಥೈಲ್ ಅನ್ನೋ ರಾಸಾಯನಿಕ ಗುರುತುಗಳಿರುತ್ತವೆ. ಈ ಜೀನ್ ಹೇಳಿದಂತೆ ತಯಾರಾಗುವ ಮೆಕ್‌ಪಿ2 ಪ್ರೋಟೀನ್ ಅಲ್ಲಿ ಹೋಗಿ ಕೂತು, ಸುತ್ತಲಿನ ಜೀನ್‌ಗಳನ್ನು ಹದ್ದುಬಸ್ತಿನಲ್ಲಿಡುತ್ತದೆ. ನರಕೋಶಗಳಿಗೆ ಇದು ಬೇಕೇ ಬೇಕು. ಆದರೆ ಅಳತೆ ಮೀರುವಂತಿಲ್ಲ. ಎಕ್ಸ್ ಕ್ರೋಮೋಸೋಮಿನಲ್ಲಿ ಈ ಜೀನಿನ ಪ್ರತಿ ಒಂದು ಹೆಚ್ಚಿಗೆ ಇದ್ದರೆ ಬೇರೆಯದೇ ಕಾಯಿಲೆ ಬರುತ್ತದೆ, ಹೆಚ್ಚಾಗಿ ಗಂಡುಮಕ್ಕಳಿಗೆ: ಫಿಟ್ಸ್, ಪದೇ ಪದೇ ಸೋಂಕು. ಸರಿಯಾದ ಜೀನನ್ನು ಒಳಗೆ ಸೇರಿಸುವ ಚಿಕಿತ್ಸೆಗೆ ದೊಡ್ಡ ತೊಡಕು ಇದೇ. ಕಡಿಮೆ ಆದರೆ ಸಾಲದು, ಜಾಸ್ತಿ ಆದರೆ ಅಪಾಯ.

ವಿಜ್ಞಾನಿ ಏಡ್ರಿಯನ್ ಬರ್ಡ್ ಅವರ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಈ ಜೀನ್ ನಿಂತುಹೋಗಿ ಕಾಯಿಲೆ ಬಿದ್ದಿದ್ದ ಇಲಿಗಳಲ್ಲಿ ಅದನ್ನು ಮತ್ತೆ ಚಾಲೂ ಮಾಡಿದರು. ಸಾಯುವ ಹಂತದಲ್ಲಿದ್ದ ಇಲಿಗಳೂ ಚೇತರಿಸಿಕೊಂಡವು! ಅಂದರೆ ನರಕೋಶಗಳು ಸತ್ತಿರಲಿಲ್ಲ ಅಲ್ವಾ? ಮನುಷ್ಯರಲ್ಲಿ ಇನ್ನೂ ಅಷ್ಟು ದೂರ ಬಂದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಟ್ರೋಫಿನೆಟೈಡ್ ಅನ್ನೋ ಔಷಧಿ ಲಕ್ಷಣಗಳನ್ನು ಸ್ವಲ್ಪ ತಗ್ಗಿಸಬಹುದು, ಜೀನನ್ನು ಸರಿಮಾಡುವುದಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಆ ಮಗುವಿನ ಎದುರಿಗೇ "ಇವಳಿಗೆ ಏನೂ ಗೊತ್ತಾಗಲ್ಲ" ಅನ್ನಬೇಡಿ. ಈ ಮಕ್ಕಳಲ್ಲಿ ಎಷ್ಟೋ ಜನ ಕಣ್ಣಲ್ಲೇ ಮಾತಾಡುತ್ತಾರೆ. ಏನಾದರೂ ಕೇಳಿದರೆ ಅವಳ ಕಣ್ಣು ನೋಡುತ್ತಾ ಕಾಯಿರಿ. ಉತ್ತರ ಬರುವುದು ಸ್ವಲ್ಪ ತಡ.